ಬೀಗದಮ್ಮನ ಕಂಪ್ಯೂಟರಿಗೆ ಹೊಸ ಪೆಟ್ಟಿಗೆ

ಕಸೂತಿ ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಬೀಗದಮ್ಮ ಎಂದೇ ಕರೆಯುತ್ತಿದ್ದರು. ಕತ್ತರಿ ಇಟ್ಟ ಡ್ರಾಯರಿಗೂ ಬೀಗ, ಗುಂಡಿ ತುಂಬಿದ ಡಬ್ಬಿಗೂ ಬೀಗ. ಮಗಳ ಮದುವೆಯಾದ ಮೇಲಂತೂ ‘ಬೀಗರಿಗೂ ಬೀಗ ಹಾಕೋ ಹೆಂಗಸು’ ಎಂದು ನಗಾಡಿದರು. ಅವಳು ಬೇಸರಿಸಲಿಲ್ಲ. ಯಾರಾದರೂ ನಕ್ಕರೆ ಅವಳು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಕೈ ಎಲ್ಲಿದೆ ಎಂದು.

ಕಸೂತಿ ಯಂತ್ರಕ್ಕೆ ಬೇಕಾದ ವಿನ್ಯಾಸಗಳನ್ನು ಅವಳು ಒಂದು ಹಳೇ ಕಂಪ್ಯೂಟರಿನಲ್ಲಿ ತಯಾರಿಸುತ್ತಿದ್ದಳು. ಶಾಲೆಗಳ ಲಾಂಛನ, ಹೋಟೆಲಿನ ಟವೆಲಿಗೆ ಹೆಸರು, ಆಟದ ತಂಡಗಳ ಹುಲಿ ಹದ್ದು ಎಲ್ಲವೂ ವರ್ಷಗಟ್ಟಲೆ ಕಣ್ಣು ಸವೆಸಿ ಮಾಡಿದವು. ಕಂಪ್ಯೂಟರಿನಲ್ಲೇ ಬಿಟ್ಟರೆ ಯಾರಾದರೂ ಕದ್ದಾರೆಂದು ಎಲ್ಲವನ್ನೂ ಒಂದು ಕೆಂಪು ಪೆನ್‌ಡ್ರೈವಿಗೆ ಹಾಕಿ ಕೊರಳಿಗೆ ತೂಗಿಕೊಂಡಿದ್ದಳು. ಬೇರೆ ಪ್ರತಿ ಇರಲಿಲ್ಲ.

ಅದನ್ನು ಚುಚ್ಚುವ ಜಾಗ ಕಂಪ್ಯೂಟರಿನ ಹಿಂಬದಿಗಿತ್ತು. ಬಗ್ಗಿ ಏಳುವಷ್ಟರಲ್ಲಿ ಸೊಂಟ ಹಿಡಿದುಬಿಡುತ್ತಿತ್ತು. ಇದನ್ನು ನೋಡಿದ ಅಳಿಯ ಒಂದು ದಿನ ಕಂಪ್ಯೂಟರಿನ ಹೊರಕವಚದ ಹೊಸ ಪೆಟ್ಟಿಗೆ ಹೊತ್ತು ತಂದ.

“ಅತ್ತೆ, ಇದರಲ್ಲಿ ಮುಂದೇನೇ ಚುಚ್ಚಬಹುದು. ಹಳೇ ಮದರ್‌ಬೋರ್ಡನ್ನೇ ಇದರೊಳಗೆ ಕೂರಿಸ್ತೀನಿ. ದಿನಾ ಲಿಫ್ಟ್ ರಿಪೇರಿ ಮಾಡೋನಿಗೆ ಇದೇನು ಮಹಾ!”

ಕೇಳದೆ ತಂದ ಉಡುಗೊರೆ! ಅತಿವಿನಯ ಧೂರ್ತ ಲಕ್ಷಣ ಎಂದುಕೊಂಡ ಬೀಗದಮ್ಮ ಸ್ಟೂಲ್ ಎಳೆದು ಪಕ್ಕದಲ್ಲೇ ಕೂತಳು. ಬೋರ್ಡ್ ಸಲೀಸಾಗಿ ಕೂತಿತು. ತೊಡಕು ಬಂದದ್ದು ಮುಂಬದಿಯ ತಂತಿಗಳಲ್ಲಿ. ಪೆಟ್ಟಿಗೆಯಿಂದ ಇಳಿದ ನೀಲಿ ಪ್ಲಗ್ ಅಗಲವಾಗಿತ್ತು. ಅಷ್ಟು ಅಗಲದ ಜಾಗವೇ ಹಳೇ ಬೋರ್ಡಿನಲ್ಲಿರಲಿಲ್ಲ. ಅಳಿಯ ಪೇಟೆಗೆ ಹೋಗಿ, ನೀಲಿ ಪ್ಲಗ್ಗಿಗೆ ಸಿಕ್ಕಿಸಿ ಹಳೇ ಬೋರ್ಡಿಗೆ ಜೋಡಿಸುವ ಚಿಕ್ಕ ಕೇಬಲ್ ತಂದ. ಅದರ ತುದಿಯಲ್ಲಿ ಒಂದು ತೂತು ಮುಚ್ಚಿತ್ತು, ಬೋರ್ಡಿನಲ್ಲೋ ಆ ಜಾಗದಲ್ಲಿ ಪಿನ್ನಿನ ಮುಳ್ಳಿತ್ತು. ಇಕ್ಕಳದಿಂದ ಮುಳ್ಳನ್ನು ಬಗ್ಗಿಸಿ ಒತ್ತಿ ಕೂರಿಸಿದ.

“ಪೆನ್‌ಡ್ರೈವ್ ಕೊಡಿ ಅತ್ತೆ, ನೋಡೋಣ.”

ಕೊಡಲೋ ಬೇಡವೋ ಎಂದು ಹಿಡಿದುಕೊಂಡೇ ಇದ್ದವಳು, ಅಷ್ಟರಲ್ಲಿ ಗಿರಾಕಿ ಕೂಗಿದ್ದರಿಂದ ಕೊಟ್ಟು ಹೊರಗೆ ಹೋದಳು. ವಾಪಸು ಬಂದಾಗ ಅಳಿಯನ ಮುಖದಲ್ಲಿ ರಕ್ತವಿರಲಿಲ್ಲ.

“ಇನ್ನೂ ಸ್ವಲ್ಪ ಕೆಲಸ ಇದೆ. ಪೆನ್‌ಡ್ರೈವ್ ನನ್ನ ಹತ್ರಾನೇ ಇರ್ಲಿ, ಸಂಜೆ ಕೊಡ್ತೀನಿ.”

ಸಂಜೆ ಕೊಡಲಿಲ್ಲ. ಮಾರನೆಯ ದಿನ ಕೇಳಿದರೆ ಕೆಮ್ಮಿದ. ಮಗಳಿಗೆ ಫೋನ್ ಮಾಡಿದರೆ, “ಅಮ್ಮಾ, ಮನೇಲೂ ಅನ್ನ ಸರಿಯಾಗಿ ತಿಂತಿಲ್ಲ. ನೀನೇನಾದ್ರೂ ಅಂದ್ಯಾ?” ಎಂದು ಅವಳೇ ತಾಯಿಯ ಮೇಲೆ ತಿರುಗಿಬಿದ್ದಳು. ತಪ್ಪು ಮಾಡಿದವನಿಗಲ್ಲವೇ ಅನ್ನ ಇಳಿಯದಿರುವುದು ಎಂದು ಬೀಗದಮ್ಮ ಲೆಕ್ಕ ಹಾಕಿದಳು.

ಆ ಮಧ್ಯಾಹ್ನವೇ ಕಿಟಕಿಯಿಂದ ನೋಡಿದಳು. ಎದುರು ಸಾಲಿನ ಕಸೂತಿ ಅಂಗಡಿಗೆ ಅಳಿಯ ನುಸುಳುತ್ತಿದ್ದ! ಅಲ್ಲಿರುವವನು ಅವಳ ಪ್ರತಿಸ್ಪರ್ಧಿ, ದುಂಡಗಿರುವುದರಿಂದ ದಾರದುಂಡೆ ಎಂದು ಹೆಸರಾದವನು. ಮಗಳನ್ನು ಕೊಟ್ಟದ್ದಲ್ಲದೆ ಅಂಗಡಿಯನ್ನೂ ಕೊಟ್ಟ ಹಾಗಾಯಿತಲ್ಲ! ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದಳು.

ಬಾಗಿಲಲ್ಲಿ ನಿಂತು ನೋಡಿದರೆ ಮೇಜಿನ ಮೇಲೆ ಅವಳ ಕೆಂಪು ಪೆನ್‌ಡ್ರೈವ್ ಹೊಟ್ಟೆ ಸೀಳಿಸಿಕೊಂಡು ಬಿದ್ದಿತ್ತು.

“ಎಷ್ಟು ದಿನದಿಂದ ನಡೀತಿದೆ ಈ ವ್ಯಾಪಾರ?”

ಅಳಿಯ ಬೆಚ್ಚಿ ಎದ್ದು ನಿಂತ. “ವ್ಯಾಪಾರ ಅಲ್ಲ ಅತ್ತೆ... ಸುಟ್ಟುಹೋಯ್ತು. ನಾನೇ ಸುಟ್ಟೆ. ಚುಚ್ಚಿದ್ದೇ ತಡ, ಕಾದ ಕಾವಲಿ ಹಾಗೆ ಬಿಸಿಯಾಯ್ತು. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ.”

ದಾರದುಂಡೆಯ ಬಳಿಯೂ ಅದೇ ಕಾಲದ ಬೋರ್ಡಿತ್ತು. ಪೆನ್‌ಡ್ರೈವ್ ಬದುಕೀತೇ, ತಂತಿ ಎಲ್ಲಿ ಎಡವಿತು ಎಂದು ನೋಡಲು ಅಳಿಯ ಬಂದಿದ್ದ. ಅಷ್ಟು ಹಳೇ ಬೋರ್ಡುಗಳಲ್ಲಿ ಎರಡನೇ ಸಾಲಿನ ಮುಳ್ಳುಗಳು ತಿರುಗುಮುರುಗಂತೆ. ಈಗಿನ ಪ್ಲಗ್ಗನ್ನು ಹಾಗೇ ಒತ್ತಿದರೆ ವಿದ್ಯುತ್ತು ಬರಬಾರದ ಕಡೆ ಬರುತ್ತದಂತೆ. ಮುಚ್ಚಿದ ತೂತು ಬೇಡ ಬೇಡ ಎಂದಿತ್ತು, ಇವನು ಕೇಳಿರಲಿಲ್ಲ.

ಬೀಗದಮ್ಮ ಸಿಕ್ಕಿದ ಕುರ್ಚಿ ಎಳೆದುಕೊಂಡು ಕೂತಳು. ಹುಲಿ, ಹದ್ದು, ಶಾಲೆಗಳು ಎಲ್ಲ ಹೋದವು. ಇನ್ನೊಂದು ಪ್ರತಿ ಮಾಡದೆ ಇದ್ದವಳು ತಾನೇ ಎಂಬುದು ಬೇರೆ ಚುಚ್ಚತೊಡಗಿತು.

ಅಳಿಯ ತಲೆ ತಗ್ಗಿಸಿದ್ದ. ದಾರದುಂಡೆ ಮಾತ್ರ ಯಾಕೋ ಚಡಪಡಿಸುತ್ತಿದ್ದ. ಬೆವರು ಒರೆಸಿಕೊಂಡ, ನೀರು ಕುಡಿದ, ಕೊನೆಗೆ ಹೇಳಿದ: “ಅಕ್ಕಾ, ಬೈಬೇಡಿ. ನಿಮ್ಮವು ನನ್ನ ಹತ್ರ ಇವೆ.”

“ಏನು ಇವೆ?”

“ಹೋದ ವರ್ಷ ನಿಮ್ಮ ಯಂತ್ರ ಕೆಟ್ಟಾಗ ನನ್ನದರಲ್ಲಿ ಹೊಲಿಸ್ಕೊಂಡ್ರಲ್ಲ? ಪೆನ್‌ಡ್ರೈವನ್ನ ನೀವೇ ಕಿತ್ಕೊಂಡು ಹೋದ್ರಿ. ಅಷ್ಟರೊಳಗೆ ನಾನು... ಎಲ್ಲಾನೂ ಇಳಿಸ್ಕೊಂಡಿದ್ದೆ.”

ಅಂದು ಪೂರ್ತಿ ದಿನ ಅವಳು ಯಂತ್ರದ ಪಕ್ಕ ಕಾವಲು ನಿಂತಿದ್ದಳು. ನಡುವೆ ಒಮ್ಮೆ ಮುಖ ತೊಳೆಯಲು ಹೋಗಿದ್ದು ಈಗ ನೆನಪಾಯಿತು.

“ಒಂದನ್ನೂ ಹೊಲಿದಿಲ್ಲ ಅಕ್ಕಾ, ದೇವರಾಣೆ.”

“ದೇವರನ್ನ ಯಾಕೆ ಎಳೀತೀಯಾ? ಅವನೇನು ನಿನ್ನ ಪಾಲುದಾರನಾ?” ಎಂದಳು. ಕಳ್ಳನನ್ನು ಹಿಡಿದು ಬಾರಿಸಬೇಕೋ, ಕಾಲು ಹಿಡಿಯಬೇಕೋ ತಿಳಿಯದ ಗಳಿಗೆ ಅದು. “ಮೊದಲು ಕೊಡು. ಆಮೇಲೆ ನನ್ನ ಕಣ್ಣೆದುರೇ ಅಳಿಸು. ಜಗಳ ನಾಳೆ ಆಡ್ತೀನಿ.”

ಅವನು ಹೊಸ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಒಂದೊಂದನ್ನೂ ತೆರೆಸಿ ನೋಡಿ, ಹೋದ ವರ್ಷದಿಂದೀಚಿನ ನಾಲ್ಕಾರು ಮಾತ್ರ ಇಲ್ಲವೆಂದು ಲೆಕ್ಕ ಹಿಡಿದು, ಅವನ ಪ್ರತಿಯನ್ನು ಅಳಿಸಿಹಾಕಿಸಿಯೇ ಬೀಗದಮ್ಮ ಎದ್ದಳು. ಇನ್ನೆಲ್ಲಾದರೂ ಬಚ್ಚಿಟ್ಟಿರುತ್ತಾನೆ ಎಂಬ ಗುಮಾನಿ ಹೋಗಲಿಲ್ಲ.

ಅಂಗಡಿಗೆ ಮರಳಿ ಅತ್ತೆ ಅಳಿಯ ಪೆಟ್ಟಿಗೆಯ ಮುಂದೆ ಕೂತರು. ದಾರದುಂಡೆಯ ಬೋರ್ಡಿನ ಫೋಟೋವನ್ನು ಅಳಿಯ ಮೊಬೈಲಿನಲ್ಲಿ ತಂದಿದ್ದ. ಎರಡನೇ ಸಾಲನ್ನು ತಿರುಗಿಸಿ ಹಾಕಲು ಪ್ಲಗ್ಗಿನಿಂದ ತಂತಿಗಳನ್ನು ಬಿಡಿಸಬೇಕಿತ್ತು; ಅವನ ದಪ್ಪ ಬೆರಳಿಗೆ ಆಗಲಿಲ್ಲ. ಅವಳು ಕಸೂತಿ ಸೂಜಿಯಿಂದ, ತಂತಿಗಳನ್ನು ಕಚ್ಚಿಹಿಡಿದ ಪ್ಲಾಸ್ಟಿಕ್ಕಿನ ಸಣ್ಣ ನಾಲಿಗೆಗಳನ್ನು ಎತ್ತಿ ಒಂದೊಂದೇ ತಂತಿ ಎಳೆದುಕೊಟ್ಟಳು.

“ಕೆಂಪು ಈ ತುದಿಗೆ ಅತ್ತೆ.”

“ಫೋಟೋ ತೋರಿಸಿ. ನಿಮ್ಮ ಮಾತಿನ ಮೇಲೆ ಹಾಕೋಲ್ಲ.”

ಅಳಿಯ ಮೊದಲ ಸಲ ನಕ್ಕ. ತೋರಿಸಿದ.

ತಂತಿ ಹೊಸ ಸಾಲಿನಲ್ಲಿ ಕೂತು ಕಂಪ್ಯೂಟರ್ ಶುರುವಾದ ಮೇಲೆ ಅವನು ಪೆನ್‌ಡ್ರೈವಿಗಾಗಿ ಕೈ ಚಾಚಿದ. ಬೀಗದಮ್ಮ ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಮೊದಲು ನಿಮ್ಮ ಪೆನ್‌ಡ್ರೈವನ್ನ ಚುಚ್ಚಿ ಅಳಿಯಂದಿರೇ. ಬಿಸಿಯಾಗುತ್ತಾ ನೋಡೋಣ.”