ಎದೆಗೆ ಹಾಕಿದ ಬೀಗ

ಮುರಿಗೆಪ್ಪನವರು ಬಿದ್ದದ್ದು ಶನಿವಾರ ಬೆಳಿಗ್ಗೆ, ಲಿಂಗಪೂಜೆ ಮುಗಿಸಿ ಉಪ್ಪಿಟ್ಟಿನ ತಟ್ಟೆಗೆ ಕೈ ಚಾಚುವ ಹೊತ್ತಿಗೆ. ತಟ್ಟೆ ಒಂದು ಕಡೆ, ಅವರೊಂದು ಕಡೆ. ಸೊಸೆ ನೀಲಾಂಬಿಕಾ ಅಡುಗೆಮನೆಯಿಂದ ಓಡಿ ಬಂದು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುವಷ್ಟರಲ್ಲಿ ಕಣ್ಣು ಬಿಟ್ಟು, "ಉಪ್ಪಿಟ್ಟು ಚೆಲ್ಲಿತೇನವಾ?" ಎಂದು ಕೇಳಿದರು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಗಂಡ ವಿನಾಯಕ ಕಚೇರಿ ಕೆಲಸದ ಮೇಲೆ ಪುಣೆಗೆ ಹೋಗಿದ್ದ. ನೀಲಾಂಬಿಕಾ ಮಹದೇವಪುರದ ತಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನನ್ನು ಕರೆದಳು; ಇಬ್ಬರೂ ಸೇರಿ ಮಾವನನ್ನು ಕಾರಿನಲ್ಲಿ ಕೂರಿಸಿದರು. ಮುರಿಗೆಪ್ಪನವರು ದಾರಿಯುದ್ದಕ್ಕೂ "ಏನೂ ಆಗಿಲ್ಲ, ಸುಮ್ಮನ ಗಾಬರಿ ಆಗತಿ" ಎಂದು ಗೊಣಗಿದರು. ಗದಗ ಡಿಪೋದಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತರಾದವರು ಅವರು. ಟಿಕೆಟ್ಟಿಲ್ಲದೆ ಸ್ವಂತ ಬೀಗರನ್ನೂ ಬಸ್ಸು ಹತ್ತಿಸಿದವರಲ್ಲ. ನಾಲ್ಕು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಅವರ ಎದೆಯೊಳಗೆ ಪೇಸ್‌ಮೇಕರ್ ಇಟ್ಟಿದ್ದರು. ಅಂದಿನಿಂದ ಅದರ ಮೇಲೂ ಕಂಡಕ್ಟರನ ಅಧಿಕಾರ ನಡೆಸುತ್ತಿದ್ದರು. ಮೆಟ್ಟಿಲು ಹತ್ತುವಾಗ ಎದೆ ತಟ್ಟಿ "ರೈಟ್" ಎನ್ನುವರು, ನಿಲ್ಲುವಾಗ "ಹೋಲ್ಡಾನ್" ಎನ್ನುವರು.

ವೈಟ್‌ಫೀಲ್ಡ್ ರಸ್ತೆಯ ಆಸ್ಪತ್ರೆಯಲ್ಲಿ ಹೃದ್ರೋಗದ ಡಾಕ್ಟರ್ ಕಾವ್ಯಾ ಪರೀಕ್ಷೆ ಮಾಡಿ, ನೀಲಾಂಬಿಕಾಳನ್ನು ಪರದೆಯಾಚೆ ಕರೆದರು.

"ನೋಡಿ ಮೇಡಂ, ಈಗ ಈಸಿಜಿ ಚೆನ್ನಾಗೇ ಇದೆ. ಬಿದ್ದಿದ್ದಕ್ಕೆ ಎರಡು ಕಾರಣ ಇರಬಹುದು. ಹೊಸದಾಗಿ ಶುರು ಮಾಡಿರೋ ಬಿಪಿ ಮಾತ್ರೆ ಜಾಸ್ತಿ ಆಗಿರಬಹುದು. ಇಲ್ಲಾಂದ್ರೆ ಪೇಸ್‌ಮೇಕರಿಂದ ಹೃದಯಕ್ಕೆ ಹೋಗೋ ವೈರು ಒಳಗೆಲ್ಲೋ ಬಿರುಕು ಬಿಟ್ಟಿರಬಹುದು. ಮಾತ್ರೆ ಆದ್ರೆ ನಾಳೆ ಮನೆಗೆ ಕಳಿಸ್ತೀನಿ. ವೈರ್ ಆದ್ರೆ, ಮುಂದಿನ ಸಲ ಬಿದ್ದಾಗ ಎದ್ದೇಳ್ತಾರೆ ಅಂತ ಹೇಳಕ್ಕಾಗಲ್ಲ."

"ಎಕ್ಸ್‌ರೇಲಿ ಗೊತ್ತಾಗಲ್ವಾ?"

"ಸಣ್ಣ ಬಿರುಕು ಕಾಣಲ್ಲ. ರಕ್ತ ತೆಳು ಮಾಡೋ ಮಾತ್ರೆ ಬೇರೆ ತಗೋತಿದಾರೆ. ಖಾತ್ರಿ ಇಲ್ದೆ ಕುತ್ತಿಗೆಯಿಂದ ಬೇರೆ ವೈರ್ ಇಳಿಸೋಕೆ ನಂಗೆ ಧೈರ್ಯ ಇಲ್ಲ. ಪೇಸ್‌ಮೇಕರನ್ನೇ ಕೇಳಬೇಕು. ಅದು ಎಲ್ಲಾ ಬರ್ಕೊಂಡಿರುತ್ತೆ."

ಕೇಳುವುದಕ್ಕೆ ಒಂದು ಯಂತ್ರ ಬೇಕು. ಎದೆಯ ಮೇಲೆ ಅಂಗೈಯಷ್ಟು ದೊಡ್ಡ ಬಿಲ್ಲೆಯೊಂದನ್ನು ಇಟ್ಟರೆ, ಒಳಗಿರುವುದು ತನ್ನ ಕಥೆಯನ್ನೆಲ್ಲ ಹೊರಗಿನ ಪರದೆಗೆ ಹೇಳುತ್ತದೆ. ಆ ಆಸ್ಪತ್ರೆಯ ಕಪಾಟಿನಲ್ಲಿ ಅಂಥ ಯಂತ್ರಗಳು ಎರಡಿದ್ದವು, ಎರಡೂ ಬೇರೆ ಕಂಪನಿಯವು. ಮುರಿಗೆಪ್ಪನವರ ಎದೆಯೊಳಗೆ ಇದ್ದದ್ದು ಮೂರನೆಯ ಕಂಪನಿಯದು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಆ ಕಂಪನಿಯ ಮನುಷ್ಯ ತನ್ನ ಯಂತ್ರ ಹೊತ್ತು ಬರಬೇಕು, ಮತ್ತು ಅವನಿರುವುದು ಪೀಣ್ಯದಲ್ಲಿ.

ಇದನ್ನು ಯಾರೂ ನೀಲಾಂಬಿಕಾಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರಲ್ಲಿ ಇಂಥ ಸಾಧನಗಳಿಗೆ ಸಾಫ್ಟ್‌ವೇರ್ ಬರೆಯುವುದೇ ಅವಳ ಕೆಲಸ. ಅಷ್ಟೇ ಅಲ್ಲ, ವೈದ್ಯಕೀಯ ಸಾಧನಗಳು ಒಂದರೊಡನೊಂದು ಹೇಗೆ ಮಾತಾಡಬೇಕು, ಯಾರ ಮುಂದೆ ಬಾಯಿ ಬಿಡಬೇಕು ಎಂಬ ಮಾನದಂಡ ಬರೆಯುವ ಸಮಿತಿಯಲ್ಲಿ ಎರಡು ವರ್ಷದಿಂದ ಕೂತವಳು. ತಿಂಗಳಿಗೊಮ್ಮೆ ಎಲೆಕ್ಟ್ರಾನಿಕ್ ಸಿಟಿಯ ಸಭಾಂಗಣಕ್ಕೆ ಹೋಗಿ, ಆರಿದ ಸಮೋಸಾ ತಿಂದು, ಬಾಯಿ ನೋಯುವಷ್ಟು ವಾದಿಸಿ ಬರುತ್ತಿದ್ದಳು.

ಅವಳ ಆಸೆ ಎರಡೇ. ಯಾವ ಕಂಪನಿಯ ಸಾಧನವೇ ಇರಲಿ, ಅದರ ಮುಖ್ಯ ಮಾಹಿತಿಯನ್ನು ಯಾವ ಆಸ್ಪತ್ರೆಯ ಯಂತ್ರವಾದರೂ ಓದುವಂತಿರಬೇಕು ಎನ್ನುವುದು ಮೊದಲನೆಯದು. ಅದಕ್ಕೆ ಕಂಪನಿಗಳು ಒಪ್ಪಲಿಲ್ಲ. ಸಮಿತಿ "ಸಾಧ್ಯವಾದಲ್ಲಿ" ಎಂದು ಬರೆದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿತು. ಎರಡನೆಯದು ಬೀಗ. ಒಮ್ಮೆ ಅವಳ ಕಚೇರಿಯಲ್ಲೇ ಒಬ್ಬಾತ ಪಾರ್ಕಿಂಗಿನಲ್ಲಿ ಕೂತು, ಮೇಲಿನ ಮಹಡಿಯ ಮೇಜಿನ ಮೇಲಿದ್ದ ಇನ್ಸುಲಿನ್ ಪಂಪನ್ನು ಲ್ಯಾಪ್‌ಟಾಪಿನಿಂದ ಆಡಿಸಿ ತೋರಿಸಿದ್ದ. ಆ ದಿನ ಅವಳು ನೆನೆದದ್ದು ಮಾವನ ಎದೆಯನ್ನು. ದಾರಿಹೋಕರು ಕೈಯಾಡಿಸುವ ಜಾಗವೇ ಅದು? ಹಟ ಹಿಡಿದು ಒಂದು ನಿಯಮ ಬರೆಸಿದಳು: ಸಾಧನ ಅಳವಡಿಸಿದ, ನೋಂದಾಯಿತ ವೈದ್ಯರ ಅನುಮತಿಯಿಲ್ಲದೆ ಯಾವ ಸಾಧನವನ್ನೂ ತೆರೆಯಕೂಡದು. ತುರ್ತು ಸಮಯಕ್ಕೆ ಒಂದು ವಿನಾಯಿತಿ ಇರಲಿ ಎಂದು ಯಾರೋ ಅಂದರು. "ಒಂದು ಕಂಡಿ ಬಿಟ್ರೆ ಊರ ಬೆಕ್ಕೆಲ್ಲ ಅದರಲ್ಲೇ ನುಗ್ಗುತ್ತೆ" ಎಂದಳು ನೀಲಾಂಬಿಕಾ. ಸಭೆ ನಕ್ಕಿತು, ವಿನಾಯಿತಿ ಬಿದ್ದುಹೋಯಿತು.

ಮಾತು ಬಾರದ ಬಾಯಿಗೆ ಬೀಗವನ್ನೂ ಜಡಿದದ್ದಾಯಿತು. ಆಗ ಅವಳಿಗೆ ಅದು ಗೆಲುವೆಂದೇ ತೋರಿತ್ತು.

ಪೇಸ್‌ಮೇಕರ್ ಕಂಪನಿಯ ಆ ಮನುಷ್ಯ, ಮುತ್ತು, ಪೀಣ್ಯದಿಂದ ಹೊರಟೆ ಎಂದು ಫೋನು ಮಾಡಿದ. ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಬಿದ್ದೆ ಎಂದ. ಹೆಬ್ಬಾಳದಲ್ಲಿ ಲಾರಿ ಕೆಟ್ಟು ನಿಂತಿದೆ ಎಂದ. ಟಿನ್ ಫ್ಯಾಕ್ಟರಿಯ ಹತ್ತಿರ ಬಂದಾಗ ಫೋನು ಮಾಡುವುದನ್ನೇ ಬಿಟ್ಟ. ಇತ್ತ ಮುರಿಗೆಪ್ಪನವರು ಹಾಸಿಗೆಯಲ್ಲಿ ಕೂತು, ಕೊರಳಲ್ಲಿದ್ದ ಲಿಂಗವನ್ನು ಅದರ ಬೆಳ್ಳಿಯ ಕರಡಿಗೆಯೊಡನೆ ತೆಗೆದಿಡಿ ಎಂದ ನರ್ಸಿನೊಡನೆ ಜಗಳಕ್ಕೆ ನಿಂತಿದ್ದರು. ಮೈಮೇಲೆ ಲೋಹ ಇರಬಾರದು ಎಂಬುದು ಆಸ್ಪತ್ರೆಯ ನಿಯಮವಂತೆ. "ಒಳಗ ನೀವ ಇಟ್ಟ ಲೋಹ ಇರಬಹುದು, ಹೊರಗ ನನ್ನ ಬೆಳ್ಳಿ ಕರಡಗಿ ಇರಬಾರದೇನು?" ಎಂದು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ನರ್ಸು ಸೋತು ಹೋದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಬೆವರು ಒರೆಸುತ್ತ ಮುತ್ತು ಬಂದ. ನೀಲಾಂಬಿಕಾಗೆ ಅವನ ಕೈಯ ಕಪ್ಪು ಪೆಟ್ಟಿಗೆ ಕಂಡದ್ದೇ ಅರ್ಧ ಜೀವ ಬಂದಂತಾಯಿತು. ಅವನು ಪೆಟ್ಟಿಗೆ ಬಿಚ್ಚಿ, ಬಿಲ್ಲೆಯನ್ನು ಮುರಿಗೆಪ್ಪನವರ ಎದೆಯ ಮೇಲಿಟ್ಟ. ಪರದೆಯ ಮೇಲೆ ಅವರ ಹೆಸರು ಬಂತು, ಹುಬ್ಬಳ್ಳಿಯ ಆಸ್ಪತ್ರೆಯ ಹೆಸರು ಬಂತು. ಆಮೇಲೆ ಒಂದು ಖಾಲಿ ಚೌಕ ಬಂದು ನಿಂತಿತು.

"ಓಟಿಪಿ ಬೇಕು ಮೇಡಂ. ರಿಜಿಸ್ಟರ್ ಆಗಿರೋ ಡಾಕ್ಟರ್ ಮೊಬೈಲಿಗೆ ಹೋಗುತ್ತೆ. ಅವ್ರು ಹೇಳಿದ್ರೆ ಓಪನ್ ಆಗುತ್ತೆ."

"ಮೊದಲು ಇದು ಇರಲಿಲ್ವಲ್ಲ?" ಎಂದರು ಡಾಕ್ಟರ್ ಕಾವ್ಯಾ.

"ಹೋದ ತಿಂಗಳಿಂದ ಡಾಕ್ಟ್ರೇ. ಹೊಸ ಸ್ಟ್ಯಾಂಡರ್ಡ್ ಬರ್ತಿದೆಯಲ್ಲ, ನಮ್ಮ ಕಂಪನಿಯವ್ರು ಎಲ್ಲರಿಗಿಂತ ಮುಂಚೆ ಈ ಮಷೀನಿಗೆ ಹಾಕಿಬಿಟ್ರು."

ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ ನಿಯಮ ಬರೆದಿತ್ತು. ನೀಲಾಂಬಿಕಾ ಓದಿದಳು. ಅಲ್ಪವಿರಾಮವೂ ಬದಲಾಗದೆ ತನ್ನದೇ ವಾಕ್ಯ. ಅವಳು ಬೇಡಿದ ಎರಡರಲ್ಲಿ ಒಂದನ್ನು ಎಷ್ಟು ಬೇಡಿದರೂ ಮಾಡದ ಕಂಪನಿ, ಇನ್ನೊಂದನ್ನು ಮಾತ್ರ ಎಷ್ಟು ಶ್ರದ್ಧೆಯಿಂದ ಮಾಡಿಬಿಟ್ಟಿತ್ತು.

ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಹಚ್ಚಿದರು. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದಿತು. ಆಸ್ಪತ್ರೆಗೆ ಹಚ್ಚಿದರು. ಆ ಡಾಕ್ಟರು ಮಸ್ಕತ್‌ಗೆ ಹೋಗಿ ವರ್ಷವಾಯಿತೆಂದು ಸ್ವಾಗತಕಟ್ಟೆಯ ಹುಡುಗಿ ಹೇಳಿದಳು. ಬೇರೆ ಡಾಕ್ಟರ ಹೆಸರಿಗೆ ಬದಲಿಸಬೇಕಾದರೆ ಆಸ್ಪತ್ರೆಯ ಪತ್ರ ಬೇಕು, ಪತ್ರಕ್ಕೆ ಸಹಿ ಹಾಕುವವರು ಇವತ್ತು ಬಂದಿಲ್ಲ.

"ಸೋಮವಾರ ಫೋನ್ ಮಾಡ್ರಿ ಮೇಡಂ."

"ಇಲ್ಲಿ ಪೇಶೆಂಟು ಬಿದ್ದಾರ್ರೀ. ಸೋಮವಾರ ತನಕ ಹೆಂಗ್ ಕಾಯೂದು?"

"ನಾ ಏನ್ ಮಾಡ್ಲಿ ಮೇಡಂ, ನನ್ನ ಕೈಯಾಗ ಏನೂ ಇಲ್ಲ."

ಆ ಹುಡುಗಿಯ ಮೇಲೆ ಕೂಗಾಡಬೇಕೆನಿಸಿತು. ಕೂಗಾಡಿ ಏನು ಬಂತು? ಅವಳು ಹೇಳಿದ್ದು ನಿಜವೇ ಆಗಿತ್ತು. ಯಾರ ಕೈಯಲ್ಲೂ ಏನೂ ಇಲ್ಲದಂತೆ ಮಾಡುವುದೇ ಆ ನಿಯಮದ ಉದ್ದೇಶವಾಗಿತ್ತು. ನೀಲಾಂಬಿಕಾ ಮುತ್ತುವಿನತ್ತ ತಿರುಗಿದಳು.

"ಬೇರೆ ದಾರಿ ಏನೂ ಇಲ್ವಾ? ನಿಮ್ಮ ಆಫೀಸಿಂದ ಯಾರಾದ್ರೂ ತೆರೀಬಹುದಲ್ಲ?"

"ಮೇಲಿನವ್ರಿಗೆ ಆಗ್ಲೇ ಕೇಳ್ದೆ ಮೇಡಂ. ಎಮರ್ಜೆನ್ಸಿ ಆಪ್ಶನ್ ಸ್ಟ್ಯಾಂಡರ್ಡಲ್ಲೇ ಇಲ್ಲ ಅಂದ್ರು. ನಾವು ಹಾಕಿದ್ರೆ ನಾಳೆ ನಮ್ಮ ಮೇಲೇ ಬರುತ್ತಂತೆ."

ಮುರಿಗೆಪ್ಪನವರು ಕೆಮ್ಮಿದರು.

"ತಮ್ಮಾ, ಈ ಎದಿ ಯಾರ್ದು?"

"ನಿಮ್ದೇ ಅಜ್ಜಾರೆ."

"ಮತ್ತ ನಾನ ಹೇಳ್ತೀನಲ್ಲ, ತೆರಿ ಅಂತ. ಸಹಿ ಬೇಕಾ, ಹೆಬ್ಬಟ್ಟು ಬೇಕಾ? ಏನ್ ಬೇಕು ಹೇಳು, ಕೊಡ್ತೀನಿ."

ಮುತ್ತು ಪರದೆಯನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿದ. ಅನುಮತಿ ಕೊಡಬಲ್ಲವರ ಸಾಲಿನಲ್ಲಿ ವೈದ್ಯರಿದ್ದರು, ಅವರ ಬದಲಿಗೆ ಆಸ್ಪತ್ರೆ ನೇಮಿಸಿದವರಿದ್ದರು. ಅಲ್ಲಿಗೆ ಸಾಲು ಮುಗಿಯುತ್ತಿತ್ತು.

"ಪೇಶೆಂಟ್ ಅಂತ ಇದರಲ್ಲಿ ಜಾಗಾನೇ ಇಲ್ಲ ಅಜ್ಜಾರೆ."

"ಅಲ್ಲಲೇ, ಟಿಕೆಟ್ ತಗಸಿದಾವ ನಾನು, ಸೀಟು ನಂದು, ನನ್ನ ಹೆಸರ ಇಲ್ಲ ಅಂತೀಯಲ್ಲ. ದೇವರು ವರ ಕೊಟ್ರೂ ಪೂಜಾರಿ ಬಿಡ ಅಂದಂಗಾತು." ಅವರು ನಕ್ಕು ಸೊಸೆಯತ್ತ ನೋಡಿದರು. "ಇದನ್ನ ಬರದಾಂವ ಯಾವ ಪುಣ್ಯಾತ್ಮನೋ, ಒಮ್ಮೆ ಕರಕೊಂಡ್ ಬಾರವಾ. ನಾನ ಮಾತಾಡ್ತೀನಿ."

ನೀಲಾಂಬಿಕಾಗೆ ತಲೆ ಎತ್ತಲಾಗಲಿಲ್ಲ. ಎರಡು ವರ್ಷ ಆ ಸಭಾಂಗಣದಲ್ಲಿ ಕಂಪನಿಗಳ ಬಗ್ಗೆ ಮಾತಾಡಿದ್ದರು, ಆಸ್ಪತ್ರೆಗಳ ಬಗ್ಗೆ, ಸರ್ಕಾರದ ಬಗ್ಗೆ, ಕಳ್ಳರ ಬಗ್ಗೆ ಮಾತಾಡಿದ್ದರು. ರೋಗಿಯನ್ನು ಕಾಪಾಡಬೇಕು ಎಂದು ಅವಳೇ ಗಂಟಲು ಹರಿದುಕೊಂಡಿದ್ದಳು. ರೋಗಿಯನ್ನು ಒಂದು ಮಾತು ಕೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

"ಮಾವಾರ," ಎಂದಳು, "ಅದನ್ನ ಬರದಾಕಿ ನಾನ."

ಮುರಿಗೆಪ್ಪನವರು ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ. ಕಣ್ಣು ಮೇಲಕ್ಕೆ ಹೋಯಿತು, ತಲೆ ದಿಂಬಿನ ಮೇಲೆ ಒಂದು ಪಕ್ಕಕ್ಕೆ ವಾಲಿತು. ಹಾಸಿಗೆಯ ಬದಿಯ ಪರದೆಯಲ್ಲಿ ಅಲೆಯಾಡುತ್ತಿದ್ದ ಹಸಿರು ಗೆರೆ ನೆಟ್ಟಗೆ ಮಲಗಿಬಿಟ್ಟಿತು.

ಡಾಕ್ಟರ್ ಕಾವ್ಯಾ ಹಾರಿ ಬಂದು ಎದೆ ಒತ್ತತೊಡಗಿದರು. ನರ್ಸುಗಳು ನೀಲಾಂಬಿಕಾಳನ್ನು ಬಟ್ಟೆಯ ಪರದೆಯಾಚೆ ತಳ್ಳಿದರು. "ವೈರೇ, ವೈರೇ ಹೋಗಿದೆ" ಎಂಬ ಡಾಕ್ಟರ ದನಿ ಅವಳಿಗೆ ಅಲ್ಲಿಂದ ಕೇಳಿಸಿತು. ಬೆಳಗಿನಿಂದ ಎಲ್ಲರೂ ಕಾದು ಕೂತಿದ್ದ ಉತ್ತರ ಅದು. ಯಂತ್ರ ಹೇಳಬೇಕಾಗಿದ್ದನ್ನು ಮುರಿಗೆಪ್ಪನವರು ತಾವೇ ಬಿದ್ದು ಹೇಳಿದ್ದರು.

ಅವರು ಬದುಕಿದರು. ಆಸ್ಪತ್ರೆಯಲ್ಲೇ, ಈಸಿಜಿ ಹಚ್ಚಿದ್ದಾಗಲೇ, ಡಾಕ್ಟರ ಕಣ್ಣೆದುರೇ ಬಿದ್ದದ್ದು ಪುಣ್ಯ. ಕುತ್ತಿಗೆಯಿಂದ ತಾತ್ಕಾಲಿಕ ವೈರು ಇಳಿಸಿದರು, ಆಮೇಲೆ ಹೊಸ ವೈರು ಕೂರಿಸಿದರು. ಎದೆ ಒತ್ತುವಾಗ ಎರಡು ಪಕ್ಕೆಲುಬು ಮುರಿದಿದ್ದವು. ಅಷ್ಟೆಲ್ಲ ಆದರೂ ಮುಷ್ಟಿಯೊಳಗಿನ ಲಿಂಗವನ್ನು ಅವರು ಬಿಟ್ಟಿರಲಿಲ್ಲ.

ಹುಬ್ಬಳ್ಳಿಯಿಂದ ಅನುಮತಿ ಮಂಗಳವಾರ ಬಂತು. ಮುತ್ತು ಮತ್ತೆ ಪೀಣ್ಯದಿಂದ ಬಂದು ಪೇಸ್‌ಮೇಕರನ್ನು ತೆರೆದ. ವೈರಿನಲ್ಲಿ ದೋಷವಿದೆ ಎಂದು ಅದು ವಾರಗಳಿಂದ ಬರೆದಿಟ್ಟುಕೊಂಡಿತ್ತು, ಮತ್ತೆ ಮತ್ತೆ ಬರೆದಿತ್ತು. ಡಾಕ್ಟರ್ ಕಾವ್ಯಾ ಓದಿ, ಪರದೆಯನ್ನು ನೀಲಾಂಬಿಕಾಳತ್ತ ತಿರುಗಿಸಿ ಹೊರಟುಹೋದರು. ಬೈದಿದ್ದರೆ ವಾಸಿಯಿತ್ತು.

ಮುಂದಿನ ಸಭೆಗೆ ಅವಳು ಎಲ್ಲರಿಗಿಂತ ಮುಂಚೆ ಹೋಗಿ ಕೂತಳು. ಆದದ್ದನ್ನೆಲ್ಲ ಹೇಳಿದಳು. ಬೀಗ ಇರಲಿ, ಆದರೆ ಎದೆಯ ಒಡೆಯನ ಕೈಯಲ್ಲೂ ಒಂದು ಕೀಲಿ ಇರಲಿ, ಜೀವ ಹೋಗುವ ಹೊತ್ತಿಗೆ ಎದುರಿಗಿರುವ ಡಾಕ್ಟರ ಕೈಯಲ್ಲೂ ಒಂದಿರಲಿ ಎಂದು ಕೇಳಿದಳು. ಸಭೆ ತಲೆ ತಗ್ಗಿಸಿ ಕೇಳಿತು. ಅಧ್ಯಕ್ಷ ಲಕ್ಷ್ಮಣಪ್ಪನವರು ನಿವೃತ್ತ ಅಧಿಕಾರಿ, ಒಳ್ಳೆಯ ಮನುಷ್ಯ. ಕನ್ನಡಕ ತೆಗೆದು ಒರೆಸಿಕೊಂಡರು.

"ಕೇಳಿ ಬಹಳ ಬೇಜಾರಾಯ್ತು ಕಣಮ್ಮ. ಆದ್ರೆ ಮಾನದಂಡದ ಪ್ರತಿ ಮುದ್ರಣಕ್ಕೆ ಹೋಗಿಬಿಟ್ಟಿದೆ. ನಿಮ್ಮ ಸಲಹೇನ ಮುಂದಿನ ಪರಿಷ್ಕರಣೆಗೆ ತಗೋತೀವಿ."

"ಅದು ಯಾವಾಗ ಸಾರ್?"

"ಐದು ವರ್ಷಕ್ಕೊಂದು ಸಲ ಅಂತ ಇದೆ."

"ಅಷ್ಟರೊಳಗೆ ಎಷ್ಟು ಜನ ಹಿಂಗೆ ಬೀಳ್ತಾರೋ ಸಾರ್."

"ನಂಗೂ ಅರ್ಥ ಆಗುತ್ತೆ. ಆದ್ರೆ ನೀವೇ ಅಂದಿದ್ರಲ್ಲಮ್ಮ, ಕಂಡಿ ಬಿಟ್ರೆ ಊರ ಬೆಕ್ಕೆಲ್ಲ ನುಗ್ಗುತ್ತೆ ಅಂತ. ಎಲ್ಲರಿಗೂ ಅದು ಎಷ್ಟು ಹಿಡಿಸಿತು ಅಂದ್ರೆ, ಪ್ರಸ್ತಾವನೇಲೂ ಹಾಕಿದೀವಿ."

ಸಮೋಸಾ ಬಂತು. ಅವಳು ಮುಟ್ಟದೆ ಎದ್ದು ಬಂದಳು. ಸಿಲ್ಕ್ ಬೋರ್ಡಿನಲ್ಲಿ ವಾಹನಗಳ ನಡುವೆ ನಿಂತಾಗ ಸ್ಟಿಯರಿಂಗಿಗೆ ಹಣೆ ಇಟ್ಟು ಅತ್ತಳು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ಹುಡುಕಿದರೆ, ಎಲ್ಲಿಂದ ಹೊರಟರೂ ದಾರಿ ತನ್ನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಹಿಂದಿನವರು ಹಾರ್ನ್ ಹೊಡೆದ ಮೇಲೆ ಕಣ್ಣೊರೆಸಿಕೊಂಡು ಕಾರು ಮುಂದೆ ಬಿಟ್ಟಳು.

ಮನೆಯಲ್ಲಿ ಮುರಿಗೆಪ್ಪನವರು ಬಾಲ್ಕನಿಯ ಕುರ್ಚಿಯಲ್ಲಿ, ಪಕ್ಕೆಗೆ ದಿಂಬು ಒತ್ತಿಕೊಂಡು ಕೂತಿದ್ದರು. ಅವಳು ಚಪ್ಪಲಿ ಬಿಡುವುದನ್ನೇ ಕಾಯುತ್ತಿದ್ದಂತಿತ್ತು.

"ಬಂದ್ಯಾ? ನನ್ನ ಹೆಸರು ಹತ್ತಿಸಿದ್ಯೇನವಾ?"

"ಇಲ್ಲ ಮಾವಾರ. ಮುಂದಿನ ಸಲ ಅಂದ್ರು."

"ಮುಂದಿನ ಬಸ್ಸಿಗೆ ಬಾ ಅಂದಂಗಾತು. ನಾನೂ ಎಷ್ಟೋ ಮಂದಿಗೆ ಹಂಗ ಅಂದೀನಿ. ಯಾವಾಗಂತ ಅದು?"

"ಐದು ವರ್ಷ ಆಗ್ತದಂತ."

ಮುರಿಗೆಪ್ಪನವರು ರಸ್ತೆಯತ್ತ ನೋಡಿದರು. ಆಮೇಲೆ ಎದೆಯ ಮೇಲೆ, ಹೊಲಿಗೆ ಹಾಕಿದ ಜಾಗದಲ್ಲಿ, ಮೆಲ್ಲಗೆ ಅಂಗೈ ಇಟ್ಟುಕೊಂಡರು.

"ಆತು ಬಿಡು. ಅಲ್ಲೀತನಾ ರೈಟ್ ರೈಟ್ ಅಂತ ಇದಕ್ಕ ನಾನ ಹೇಳ್ತೀನಿ," ಎಂದರು. "ಅದಕ್ಕಾದ್ರೂ ನನ್ನ ಮಾತು ನಡೀತದೇನವಾ, ಇಲ್ಲಾ ಅದಕ್ಕೂ ಹುಬ್ಬಳ್ಳಿಗೆ ಫೋನ್ ಹಚ್ಚಬೇಕಾ?"