ಎಡಗೈ ಹೊಲಿಗೆ

ಕೌದಿಗೆ ಬಹುಮಾನ ಕೊಡುವಾಗ ಮೊದಲು ಅದರ ಬೆನ್ನು ನೋಡುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಅರವತ್ತೆರಡು ವರ್ಷದವನು, ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದವನು, ಬಣ್ಣ ಚೆಂದ ಇದ್ದರೆ ಸಾಕು ಎಂದುಕೊಂಡಿದ್ದೆ. ಕೊಡಿಯಾಲ್‌ಬೈಲಿನ ಆ ಹಾಲಿನಲ್ಲಿ ಎಂಬತ್ತು ಹೆಂಗಸರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಂದೇ ಬೆಳಗ್ಗೆ ಎಲ್ಲ ಕಲಿತೆ.

ಪಕ್ಕದಲ್ಲಿ ನನ್ನ ಹೆಂಡತಿ ಐರಿನ್. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಇತ್ತು, ಅದನ್ನು ಶಾಲಿನ ಅಡಿಯಲ್ಲಿ ಬಚ್ಚಿಟ್ಟಿದ್ದಳು. ಅವಳ ಆಚೆ ರಾಜೀವಿ, ಮಾರ್ಕೆಟ್ಟಿನಲ್ಲಿ ಮೀನು ಮಾರಿ ಸಂಜೆ ಐರಿನ್‌ಳ ಹತ್ತಿರ ಹೊಲಿಗೆ ಕಲಿಯಲು ಬರುವವಳು.

ಕೈ ಮುರಿದದ್ದು ನಾನೇ. ಮುಚ್ಚಿಡುವುದೇಕೆ, ನಾನು ಸುಳ್ಳು ಹೇಳುವ ಜಾತಿಯಲ್ಲ.

ಮೂರು ವಾರದ ಹಿಂದೆ, ಬಿಕರ್ನಕಟ್ಟೆಯ ನಮ್ಮ ಫ್ಲ್ಯಾಟಿನಲ್ಲಿ, ಮಧ್ಯಾಹ್ನ ಎರಡು ಗಂಟೆ. ನನಗೆ ಹಸಿವು. ಅವಳು ಕೌದಿಯಿಂದ ತಲೆ ಎತ್ತದೆ, "ಇದೊಂದು ಸಾಲು ಮುಗಿಸ್ತೇನೆ" ಎಂದಳು. ಎರಡು ವರ್ಷದಿಂದ ಅದೇ ಒಂದು ಸಾಲು. ಸೂಜಿ ಹಿಡಿದ ಕೈಯನ್ನೇ ಹಿಡಿದು ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿದೆ. ಎಳೆಯದೋ ಬಲಿತದ್ದೋ ನೋಡಲು ಬೆಂಡೆಕಾಯಿಯ ತುದಿ ಮುರಿಯುತ್ತೇವಲ್ಲ, ಅಷ್ಟೇ ಸದ್ದು. ಎರಡು ಬೆರಳು. ಅವಳು ಕಿರುಚಲಿಲ್ಲ. ಅದಕ್ಕೆ ಸಿಟ್ಟು ನೆತ್ತಿಗೇರಿ ಮಣಿಕಟ್ಟನ್ನೂ ತಿರುಚಿದೆ. ಆಗ ಕಿರುಚಿದಳು.

ಅತ್ತಾವರದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ, "ಬಾತ್‌ರೂಮಿನಲ್ಲಿ ಜಾರಿದೆ" ಎಂದಳು. ಹಿಂದೆ ಬೆಲ್ಟಿನ ಬಕಲ್ ಹುಬ್ಬಿಗೆ ಬಿದ್ದಾಗಲೂ ಅದನ್ನೇ ಹೇಳಿದ್ದಳು, ಬಿಸಿ ಸೌಟು ಬೆನ್ನಿಗೆ ಬಿದ್ದಾಗಲೂ. ಮೂವತ್ತನಾಲ್ಕು ವರ್ಷದಿಂದ ನಮ್ಮ ಬಾತ್‌ರೂಮು ಬಹಳ ಜಾರುತ್ತದೆ.

ಮರುದಿನ ಪ್ಲಾಸ್ಟರಿನಿಂದ ಬಟ್ಟೆಯನ್ನು ಒತ್ತಿಹಿಡಿದು ಎಡಗೈಗೆ ಸೂಜಿ ತೆಗೆದುಕೊಂಡಳು. ಒಂದು ಮೂಲೆ ಮಾತ್ರ ಬಾಕಿ ಇತ್ತು. ನಾನು ಬಾಯಿ ಮುಚ್ಚಿಕೊಂಡು ಹೋಟೆಲಿನಿಂದ ಊಟ ಕಟ್ಟಿಸಿ ತಂದೆ. ಸೂಜಿಗೆ ದಾರ ಪೋಣಿಸಿಕೊಟ್ಟವನೂ ನಾನೇ, ಅದನ್ನೂ ಹೇಳಿಬಿಡುತ್ತೇನೆ.

ಗೆದ್ದ ಕೌದಿ ಚೆನ್ನೈಯ ದೊಡ್ಡ ಪ್ರದರ್ಶನಕ್ಕೆ ಹೋಗುತ್ತದೆ, ಹೊಲಿದವಳೂ ಅದರ ಜೊತೆ ಹತ್ತು ದಿನ. ಮದುವೆಯಾದ ಮೇಲೆ ಐರಿನ್ ನಾನಿಲ್ಲದೆ ಒಂದು ರಾತ್ರಿ ಬೇರೆ ಕಡೆ ಮಲಗಿದವಳಲ್ಲ. ಆ ಹತ್ತು ದಿನ ಅವಳಿಗೆ ಬೇಕಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಪೆಟ್ಟಿಗೆಯನ್ನು ಕಪಾಟಿನ ಮೇಲಿಂದ ಇಳಿಸಿ ಒರೆಸಿಟ್ಟಿದ್ದಳು.

ತೀರ್ಪು ಕೊಡುವವಳ ಹೆಸರು ಬೆನಿಟಾ. ಬಿಳಿ ಕೈಗವಸು, ಕೈಯಲ್ಲಿ ಸ್ಟೀಲಿನ ಸ್ಕೇಲು. ಯಾರ ಕೌದಿ ಎಂದು ಅವಳಿಗೆ ಗೊತ್ತಾಗಬಾರದು, ಹೆಸರಿನ ಮೇಲೆ ಬಟ್ಟೆ ಪಿನ್ ಮಾಡಿರುತ್ತಾರೆ. ಹೊಲಿದವರು ಎದುರಿಗೇ ಕೂತು ಕೇಳಬಹುದು, ಆದರೆ ನಗಬಾರದು, ತಲೆಯಾಡಿಸಬಾರದು, ತುಟಿ ಎರಡು ಮಾಡಬಾರದು. ನನ್ನ ಹೆಂಡತಿಗೆ ಹೇಳಿ ಮಾಡಿಸಿದ ಸ್ಪರ್ಧೆ.

ಬೆನಿಟಾ ಪ್ರತಿ ಕೌದಿಯನ್ನು ಮಗುಚಿ ಹಾಕಿದಳು. ಗಂಟು ಒಳಗೆ ಅಡಗಿದೆಯೋ ಇಲ್ಲವೋ ಎಂದು ಬೆರಳಾಡಿಸಿದಳು. ಅಂಚನ್ನು ಚಿವುಟಿ ಒಳಗೆ ಹತ್ತಿ ತುಂಬಿದೆಯೇ ನೋಡಿದಳು, ಮೂಗಿಗೆ ಹಿಡಿದು ಮೂಸಿದಳು. ಇಂಚಿಗೆ ಎಷ್ಟು ಹೊಲಿಗೆ ಎಂದು ಸ್ಕೇಲಿಟ್ಟು ಎಣಿಸಿದಳು. ಮುಂದಿನ ಸಾಲಿನಲ್ಲಿ ಒಬ್ಬಳ ಕತ್ತು ಕೆಂಪಾಯಿತು, "ಅಂಚು ಪೊಳ್ಳು" ಎಂದದ್ದು ಅವಳದ್ದೇ ಇರಬೇಕು. ನನಗೆ ಮಜಾ ಬಂತು, ಸುಳ್ಳಲ್ಲ.

ಹತ್ತೊಂಬತ್ತನೆಯದು ಐರಿನ್‌ಳದ್ದು. ಅವಳ ತಾಯಿಯ ಸೀರೆಗಳ ಕೌದಿ.

"ಇಂಚಿಗೆ ಹನ್ನೊಂದು ಹೊಲಿಗೆ," ಎಂದಳು ಬೆನಿಟಾ. "ಹಿಂದೆಯೂ ಮುಂದೆಯೂ ಒಂದೇ ಅಳತೆ. ಇವತ್ತು ಇಂಥದ್ದು ಇನ್ನೊಂದು ನೋಡಲಿಲ್ಲ."

ಐರಿನ್ ಉಸಿರು ಹಿಡಿದು ಕೂತಳು. ನನ್ನ ಎದೆಯೂ ಉಬ್ಬಿತು. ಬೆನಿಟಾಳ ಬೆರಳು ಆ ಮೂಲೆಗೆ ಬಂದು ನಿಂತಿತು.

"ಇಲ್ಲಿ ಇಂಚಿಗೆ ನಾಲ್ಕು. ಹೊಲಿಗೆ ವಾಲಿದ ದಿಕ್ಕು ಕೂಡ ತಿರುಗಿದೆ. ಅಲ್ಲಿವರೆಗೆ ಬಲಗೈಯವರು ಹೊಲಿದಿದ್ದಾರೆ, ಇಲ್ಲಿಂದ ಎಡಗೈಯವರು. ಎರಡು ಜನ ಹೊಲಿದದ್ದನ್ನು ಒಬ್ಬರದ್ದೆಂದು ಕೊಟ್ಟರೆ ಅದು ಮೋಸ. ತೆಗೆದಿಡಿ."

ಐರಿನ್ ಕದಲಲಿಲ್ಲ. ರಾಜೀವಿ ಅವಳ ಮುಖ ನೋಡಿದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಹೆಂಡತಿಯನ್ನು ಮೋಸಗಾರ್ತಿ ಎನ್ನಲು ಇವಳು ಯಾರು? ಎದ್ದ ರಭಸಕ್ಕೆ ಕುರ್ಚಿ ಮಗುಚಿತು.

"ಒಂದೇ ಜನ ಅದು! ಕಣ್ಣು ಕಾಣುದಿಲ್ವಾ ನಿಮಗೆ?"

"ನಿಮಗೆ ಹೇಗೆ ಗೊತ್ತು?"

"ನನ್ನ ಹೆಂಡತಿ ಹೊಲಿದದ್ದು ಮಾರಾಯ್ತಿ! ಬಲಗೈ ಮುರಿದಿತ್ತು!"

"ಮುರಿದದ್ದು ಹೇಗೆ?" ಇದನ್ನು ಕೇಳಿದ್ದು ರಾಜೀವಿ.

"ನಾನೇ ಮುರಿದದ್ದು!"

ಬೆನಿಟಾ ಸ್ಕೇಲನ್ನು ಕೆಳಗಿಟ್ಟಳು.

"ಒಬ್ಬರೇ ಹೊಲಿದದ್ದು ಅಂತ ನಂಬ್ತೇನೆ," ಎಂದಳು. "ಎಡಗೈಯಲ್ಲಿ ಇಷ್ಟು ಮಾಡಿದವರಿಗೆ ನಾನು ಮೊದಲ ಸ್ಥಾನವೇ ಕೊಡ್ತಿದ್ದೆ. ಆದರೆ ಹೊಲಿದವರು ಯಾರು ಅಂತ ನೀವು ಹೇಳಿಬಿಟ್ರಿ. ಇನ್ನು ಇದು ಸ್ಪರ್ಧೆಯಲ್ಲಿ ಇಲ್ಲ."

ಆಮೇಲೆ ನಾನು ಮಾಡಿದ್ದು ನನಗೆ ಚೂರು ಚೂರು ನೆನಪು. ಮೇಜಿಗೆ ನುಗ್ಗಿದೆ. ಬೆನಿಟಾಳ ಕೊರಳಪಟ್ಟಿ ನನ್ನ ಮುಷ್ಟಿಯಲ್ಲಿತ್ತು, ಅವಳ ಕನ್ನಡಕ ನೆಲಕ್ಕೆ ಬಿದ್ದು ನನ್ನ ಬೂಟಿನಡಿ ಒಡೆಯಿತು. ಹೊಡೆಯಲು ಎತ್ತಿದ ಕೈ ಕೆಳಗೆ ಬರಲಿಲ್ಲ. ಹಿಂದಿನಿಂದ ರಾಜೀವಿ ಅದನ್ನು ಹಿಡಿದು ಬೆನ್ನಿಗೆ ತಿರುಚಿದಳು. ನಲವತ್ತು ಕಿಲೋ ಮೀನಿನ ಬುಟ್ಟಿ ಎತ್ತುವ ಕೈ ಅದು. ನನ್ನ ಮುಖ ಮೇಜಿಗೆ ಅಪ್ಪಳಿಸಿತು, ಮೂಗಿನಿಂದ ರಕ್ತ ಬಾಯಿಗೆ ಇಳಿಯಿತು.

"ಅಲ್ಲಾಡಬೇಡಿ ಪೊರ್ಬುಳೇ," ಎಂದಳು ಕಿವಿಯ ಹತ್ತಿರ. "ಮುರಿಯುವ ಕೆಲಸ ನಮಗೂ ಗೊತ್ತುಂಟು." ಕ್ರಿಸ್ತುವರ ಗಂಡಸರನ್ನು ಇಲ್ಲಿ ಮರ್ಯಾದೆಯಿಂದ ಪೊರ್ಬುಳು ಎಂದು ಕರೆಯುತ್ತಾರೆ. ನನ್ನ ಭುಜದಲ್ಲಿ ಏನೋ ಕಳಚಿತು. ಈ ಸಲ ಕಿರುಚಿದವನು ನಾನು.

ಕೆನ್ನೆಯ ಅಡಿಯಲ್ಲಿದ್ದದ್ದು ಐರಿನ್‌ಳ ಕೌದಿ. ಎಡಗೈಯ ಹೊಲಿಗೆಗಳು ಕಣ್ಣಿಗೆ ಅಷ್ಟು ಹತ್ತಿರದಲ್ಲಿ ಕಂಡವು. ಒಂದೊಂದನ್ನೂ ಎಷ್ಟು ಹೊತ್ತು ಹಾಕಿದ್ದಳೋ. ನನಗೆ ನಾಚಿಕೆಯಾಯಿತು, ಅದೂ ನಿಜ.

ಐರಿನ್ ಎದ್ದು ಬಂದಳು. ಬಿಡಿಸುತ್ತಾಳೆ ಎಂದು ನನಗೆ ಗೊತ್ತಿತ್ತು. ಒಮ್ಮೆ ಪೊಲೀಸರ ಕೈಯಿಂದಲೇ ಬಿಡಿಸಿದವಳು. ಅವಳು ಕೌದಿಯ ಅಂಚು ಹಿಡಿದು ನನ್ನ ಮುಖದ ಅಡಿಯಿಂದ ಎಳೆದುಕೊಂಡಳು, ತನ್ನ ಗಲ್ಲದಡಿ ಒತ್ತಿಹಿಡಿದು ಒಂದೇ ಕೈಯಲ್ಲಿ ಮಡಚತೊಡಗಿದಳು. ನಾಲ್ಕು ಮಡಿಕೆ, ಅವಸರವೇ ಇಲ್ಲ.

"ಐರಿನ್ ಟೀಚರ್, ಬಿಡ್ಬೇಕಾ ಇವರನ್ನು?" ಎಂದು ರಾಜೀವಿ ಕೇಳಿದಳು.

ಐರಿನ್ ಕೌದಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ನನಗೆ ಮನೆಗೆ ಹೋಗಿ ಪೆಟ್ಟಿಗೆ ತೆಗೊಂಡು ಹೊರಡ್ಲಿಕ್ಕೆ ಒಂದು ಗಂಟೆ ಬೇಕು," ಎಂದಳು. "ಅಷ್ಟು ಹೊತ್ತು ಹಿಡ್ಕೊಳ್ತೀಯಾ?"

"ಹಿಡ್ಕೊಳ್ತೇನೆ ಟೀಚರ್. ನೀವು ಹೋಗಿ."