ಕೆಂಪು ಅಂಕಿ ಓಡುವಷ್ಟು ಹೊತ್ತು

ಶುಕ್ರವಾರ ಮಧ್ಯಾಹ್ನವಾಯಿತೆಂದರೆ ವನಜಾಳ ಎಡಗಿವಿ ಕಾದ ಹಂಚಿನಂತಾಗುತ್ತಿತ್ತು. ತಿಪಟೂರಿನ ಆ ಚಿಕ್ಕ ಕ್ಲಿನಿಕ್ಕಿಗೆ ಫಿಟ್ಸ್ ಡಾಕ್ಟರು ಬೆಂಗಳೂರಿನಿಂದ ಬರುತ್ತಿದ್ದುದು ವಾರ ಬಿಟ್ಟು ವಾರ, ಅದೂ ಭಾನುವಾರ ಮಾತ್ರ. ಮೊದಲೆಲ್ಲ ಹೆಸರು ಬರೆಸಲು ಜನ ಹಿಂದಿನ ದಿನವೇ ಬಂದು, ಮಕ್ಕಳನ್ನು ಗೋಣಿತಾಟಿನ ಮೇಲೆ ಮಲಗಿಸಿಕೊಂಡು ಬೀದಿಯಲ್ಲೇ ಬೆಳಗು ಮಾಡುತ್ತಿದ್ದರಂತೆ. ಅದನ್ನು ನೋಡಲಾರದೆ ಡಾಕ್ಟರೇ ಒಂದು ನಿಯಮ ಮಾಡಿದರು: ಶುಕ್ರವಾರ ಫೋನು ಮಾಡಿ ಹೆಸರು ಹೇಳುವುದು, ಹೇಳಿದವರು ಭಾನುವಾರ ಬರುವುದು. ಊರೂರಿಗೂ ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂದಿದ್ದ ಕಾಲ. ಇದರಿಂದ ಯಾರಿಗೆ ತಾನೆ ಕಷ್ಟ ಎಂದು ಎಲ್ಲರೂ ಅಂದುಕೊಂಡಿದ್ದರು, ಯುಗಾದಿ ಕಳೆದ ಮೇಲೆ ಫೋನೆತ್ತಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿದ ವನಜಾ ಕೂಡ.

"ಹಲೋ, ಹೇಳಿ. ಯಾವೂರು, ಮಾಯಸಂದ್ರನಾ? ಪೇಷೆಂಟ್ ಹೆಸರು ಕೇಳಿದ್ರೆ ನಿಮ್ ಹೆಸರು ಹೇಳ್ತೀರಲ್ರೀ. ಫಿಟ್ಸ್ ಬರೋದು ನಿಮಗೋ ನಿಮ್ಮ ಯಜಮಾನ್ರಿಗೋ?"

ಅಂಥ ಒಂದು ಶುಕ್ರವಾರ ಆ ಸದ್ದು ಬಂತು. ಫೋನೆತ್ತಿದರೆ ಮಾತಿಲ್ಲ. ಲೊಟಕ್, ಲೊಟಕ್, ಲೊಟಕ್. ಒಂದು ಗಳಿಗೆ ಸುಮ್ಮನಾಗಿ, ಮತ್ತೆ ಲೊಟಕ್, ಲೊಟಕ್.

ತೆಂಗಿನ ಸೀಮೆಯಲ್ಲಿ ಫೋನಿನ ತಂತಿಯ ಮೇಲೆ ಗರಿ ಬೀಳುವುದು, ಬಿದ್ದ ಗರಿ ಗಾಳಿಗೆ ಜೋತಾಡಿ ಕಿವಿಯೊಳಗೆ ಗಲಾಟೆ ಎಬ್ಬಿಸುವುದು ಹೊಸದೇನಲ್ಲ. "ಯಾರ ತೋಟದ ಗರಿ ಬಿತ್ತೋ ಶನಿ" ಎಂದು ವನಜಾ ಫೋನು ಕುಕ್ಕಿದಳು. ಮುಂದಿನ ಸರದಿಯ ಶುಕ್ರವಾರವೂ ಅದೇ ಸದ್ದು, ಅದೇ ಕುಕ್ಕುವಿಕೆ. ದೂರು ಕೊಟ್ಟಿದ್ದಕ್ಕೆ ಲೈನ್‌ಮನ್ ಬೆಟ್ಟಸ್ವಾಮಿ ಬಂದು ಕಂಬ ಹತ್ತಿ ಇಳಿದ.

"ತಂತಿ ತೊಳೆದಂಗೈತೆ ಕಣಕ್ಕ. ಗರಿ ಇರ್ಲಿ, ಒಂದು ಕಾಗೆನೂ ಕೂತಿಲ್ಲ. ನಿನ್ ಕಿವಿನೇ ತೋರಿಸ್ಕೊ, ಹೆಂಗೂ ಡಾಕ್ಟ್ರ ಶಾಪಲ್ಲೇ ಇದೀಯ."

ಹಾಗಾಗಿ ಆ ಸದ್ದು ಮೂರನೆಯ ಬಾರಿಗೆ ಬಂದಾಗ ವನಜಾಳಿಗೆ ಹಟ ಬಂತು. ಇವತ್ತು ಪತ್ತೆ ಮಾಡಿಯೇ ಬಿಡುತ್ತೇನೆಂದು ಫೋನು ಇಡದೆ ಕೂಗಿದಳು. "ಹಲೋ! ಯಾರ್ರೀ ಅದು? ಮಾತಾಡ್ರೀ, ಹಲೋ!" ಸದ್ದಿನ ಹಿಂದೆ ಎಲ್ಲೋ ಬಸ್ಸಿನ ಹಾರ್ನು ಕೇಳಿತು, ಯಾರೋ ಕೆಮ್ಮಿದರು. ಲೊಟಕ್ ಲೊಟಕ್ ಎನ್ನುವುದು ಅವಸರವಿಲ್ಲದೆ ನಡೆದು, ತಾನಾಗಿ ನಿಂತು, ಲೈನು ಮುಚ್ಚಿಕೊಂಡಿತು. ಕೆಲಸ ಮುಗಿಸಿ ಎದ್ದು ಹೋದವರ ಹಾಗೆ.

ಭಾನುವಾರ ಕ್ಲಿನಿಕ್ಕು ತುಂಬಿ ಮೆಟ್ಟಿಲ ಮೇಲೂ ಜನ ಕೂತಿದ್ದರು. ಹೆಂಗಸೊಬ್ಬಳು ಮೂರು ವರ್ಷದ ಹೆಣ್ಣುಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದು ವನಜಾಳ ಮೇಜಿನ ಮುಂದೆ ನಿಂತಳು. ಮಗು ಬಿದ್ದು ಹಣೆಯ ಮೇಲೆ ಆದ ಗಾಯ ಇನ್ನೂ ಮಾಗಿರಲಿಲ್ಲ. ಹೆಂಗಸು ಮಾತಾಡದೆ, ಖಾಲಿಯಾದ ಮಾತ್ರೆಯ ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು.

"ಹೆಸರೇನಮ್ಮ? ಫೋನ್ ಮಾಡಿದ್ರಾ?"

ಹೆಂಗಸು ವನಜಾಳ ತುಟಿಯನ್ನೇ ನೋಡುತ್ತಿದ್ದಳು. ಬಾಯಿಂದ ಸಣ್ಣದೊಂದು ದನಿ ಹೊರಟಿತಷ್ಟೆ, ಮಾತಾಗಲಿಲ್ಲ. ವನಜಾ ಕೈಯನ್ನು ಕಿವಿಗಿಟ್ಟು ಫೋನಿನ ಸನ್ನೆ ಮಾಡಿದಳು. ಹೆಂಗಸಿನ ಮುಖವೆಲ್ಲ ಅರಳಿತು. ಹೌದು ಹೌದೆಂದು ತಲೆಯಾಡಿಸಿದಳು.

ಬೆಂಚಿನಿಂದ ಯಾರೋ ನಕ್ಕರು. "ಮೂಗಿ ಫೋನ್ ಮಾಡಿದ್ಲಂತೆ! ಸಿಸ್ಟ್ರೇ, ನಂದೂ ಹಂಗೇ ಬರ್ಕಂಬುಡಿ, ನಾನೂ ಮನಸಲ್ಲೇ ಮಾಡಿದ್ದೆ."

ವನಜಾಳಿಗೆ ನಗು ಬರಲಿಲ್ಲ, ಸಿಟ್ಟು ಬಂತು. ಸುಳ್ಳು ಹೇಳಿ ನುಗ್ಗುವವರನ್ನು ತಡೆಯುವುದೇ ಅವಳ ಭಾನುವಾರದ ಪಾಡು. ಆಗಲ್ಲ ಎಂದು ಕೈಯಾಡಿಸಿ, ಬಾಗಿಲು ತೋರಿಸಿದಳು. ಹೆಂಗಸು ಕದಲಲಿಲ್ಲ. ಮಗುವಿನ ಹಣೆ ಮುಟ್ಟಿ ತೋರಿಸಿದಳು, ಮಾತ್ರೆಯ ಹಾಳೆ ತೋರಿಸಿದಳು, ಕೊನೆಗೆ ಸೆರಗಿನ ಗಂಟು ಬಿಚ್ಚಿ ಒಂದು ಸುಲಿದ ಕಾಯಿ ತೆಗೆದಳು. ಅಟ್ಟದ ಮೇಲೆ ವರ್ಷ ಕಳೆದು, ಒಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟ ಕಾಯಿ.

"ಅದೆಲ್ಲ ಬೇಡಮ್ಮ, ಒಳಗಿಟ್ಕೋ." ಹೆಸರು ಸೇರಿಸಿ ಎಂದು ಕಾಯಿ, ಬೆಲ್ಲ ತರುವವರು ಪ್ರತಿ ಸಲ ಇರುತ್ತಿದ್ದರು. ವನಜಾ ಆ ಕೈಯನ್ನು ಹಿಂದಕ್ಕೆ ತಳ್ಳಿದಳು.

ಆಗ ಆ ಹೆಂಗಸು ಮಗುವನ್ನು ಮೇಜಿನ ಮೇಲೆ ಕೂರಿಸಿ, ಫೋನಿನ ರಿಸೀವರು ಎತ್ತಿ ವನಜಾಳ ಕಿವಿಗೆ ಒತ್ತಿದಳು. ಇನ್ನೊಂದು ಕೈಯಲ್ಲಿದ್ದ ಕಾಯಿಯನ್ನು ಅವಳ ಬಾಯ ಹತ್ತಿರ, ಮಾತಾಡುವ ತೂತುಗಳ ಎದುರಿಗೆ ಹಿಡಿದು ಅಲ್ಲಾಡಿಸಿದಳು.

ಲೊಟಕ್. ಲೊಟಕ್. ಲೊಟಕ್.

ವನಜಾ ಕಾಯಿಯನ್ನೇ ನೋಡಿದಳು. ಹುಟ್ಟಿದಾಗಿನಿಂದ ಕೊಬ್ಬರಿ ಅಟ್ಟದ ಕೆಳಗೆ ಮಲಗಿ ಎದ್ದವಳು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಇದು ಒಣಗಿದೆ, ಇದು ಇನ್ನೂ ಹಸಿ ಎಂದು ಹೇಳಬಲ್ಲವಳು. ಅದೇ ಸದ್ದು ತಂತಿಯಲ್ಲಿ ಬಂದಾಗ ಗರಿ ಎಂದಳಲ್ಲ!

"ಅಯ್ಯೋ, ಇವಳಾ!" ಹಿಂದಿನ ಬೆಂಚಿನಿಂದ ಹುಳಿಯಾರಿನ ಶಿವಲಿಂಗಯ್ಯ ಎದ್ದು ಬಂದರು. ಹೆಂಡತಿಯನ್ನು ತೋರಿಸಲು ಬಂದಿದ್ದ ಮುದುಕರು. "ಕೆಂಕೆರೆ ಹತ್ರ ಹಟ್ಟಿಯೋಳು ಕಣವ್ವ, ಸುನಿತಾ ಅಂತ. ಹುಟ್ಟಾ ಕಿವುಡಿ. ಗಂಡ ಜುಂಜೇಶ ಒಂದ್ಸಲ ಫೋನ್ ಮಾಡಿ ಮಗೀನ ತೋರಿಸ್ಕಂಡು ಹೋಗಿದ್ದ. ಈಗ ಕುರಿ ಹೊಡ್ಕಂಡು ನಾಲೆ ಕಡೆ ಹೋಗವ್ನೆ, ಮಳೆ ಹಿಡಿಯಗಂಟ ಬರಾಕಿಲ್ಲ. ನಮ್ಮೂರ ಬೂತಿನ ಮರುಳಪ್ಪ ನಾನೇ ಹೇಳ್ತೀನಿ ಅಂತ ಒಪ್ಕಂಡು ಮರ್ತುಬುಟ್ಟ. ಅವತ್ತಿಂದ ಯಾರ್ನೂ ನಂಬಾಕಿಲ್ಲ. ತಾನೇ ಬತ್ತಾಳೆ, ಡಾಕ್ಟ್ರ ಚೀಟಿ ನೋಡ್ಕಂಡು ನಂಬರ್ ಒತ್ತುತಾಳೆ, ಕಾಯಿ ಅಲ್ಲಾಡುಸ್ತಾಳೆ. ಗಂಡ ಇಲ್ದೆ ತಲೆ ಕೆಟ್ಟೈತೆ ಅಂತ ನಾವು ನಗಾಡ್ತಿದ್ವಿ."

"ಆದ್ರೆ ನಾನು ಫೋನ್ ಎತ್ತಿದ್ದು ಇವಳಿಗೆ ಹೆಂಗೆ ಗೊತ್ತಾಗತ್ತೆ ಅಜ್ಜಾ?"

ವನಜಾ ಫೋನಿನ ಕಡೆ ಕೈತೋರಿದ್ದು ಕಂಡು ಸುನಿತಾ ತಾನೇ ಸನ್ನೆಯಲ್ಲಿ ಹೇಳತೊಡಗಿದಳು. ಗೋಡೆಯ ಮೇಲೆ ಬೆರಳಲ್ಲಿ ಒಂದು ಚೌಕ ಬರೆದಳು. ವನಜಾಳ ಹಣೆಯ ಕುಂಕುಮ ಮುಟ್ಟಿ ಕೆಂಪು ಎಂದು ತೋರಿಸಿದಳು. ಬೆರಳುಗಳನ್ನು ಒಂದರ ಹಿಂದೊಂದು ಸರಸರನೆ ಓಡಿಸಿದಳು. ಬೂತಿನ ಗೋಡೆಯ ಡಬ್ಬಿ! ಆ ಕಡೆಯವರು ಫೋನೆತ್ತಿದ ಕ್ಷಣದಿಂದ ಅದರೊಳಗೆ ಕೆಂಪು ಅಂಕಿ ಓಡಲು ಶುರುವಾಗುತ್ತದೆ, ಇಟ್ಟ ಕ್ಷಣ ನಿಲ್ಲುತ್ತದೆ. ಬೂತಿಗೆ ಹೋದವರೆಲ್ಲ ಅದನ್ನು ದುಡ್ಡಿನ ಭಯದಲ್ಲಿ ನೋಡುತ್ತಾರೆ. ಇವಳು ಅದರಲ್ಲಿ ಮನುಷ್ಯರನ್ನು ನೋಡಿದ್ದಳು.

ಸುನಿತಾ ಬೆರಳುಗಳನ್ನು ಓಡಿಸಿ ತಟ್ಟನೆ ನಿಲ್ಲಿಸಿದಳು, ತಲೆ ಅಡ್ಡಡ್ಡ ಆಡಿಸಿದಳು: ಬರಬೇಡ ಅಂದಿರಿ, ಬರಲಿಲ್ಲ. ಇನ್ನೊಮ್ಮೆಯೂ ಹಾಗೆಯೇ. ಆಮೇಲೆ ಬೆರಳುಗಳನ್ನು ಓಡಿಸುತ್ತಲೇ ಇದ್ದಳು, ಓಡಿಸುತ್ತಲೇ ಇದ್ದಳು, ಕಣ್ಣು ಹೊಳೆಯಿತು: ಈ ಸಲ ಬಾ ಅಂದಿರಿ, ಬಂದೆ.

ವನಜಾಳಿಗೆ ಈಗ ಅರ್ಥವಾಯಿತು. ಸಿಟ್ಟಿನಿಂದ ಫೋನು ಕುಕ್ಕಿದ್ದೂ, ಹಟದಿಂದ ಹಲೋ ಹಲೋ ಎಂದು ಅರಚಿದ್ದೂ ಹುಳಿಯಾರಿನಲ್ಲಿ ಒಬ್ಬಳಿಗೆ ಡಾಕ್ಟರ ಮಾತಾಗಿತ್ತು. ತಾನು ಕುಕ್ಕಿದ ಆ ವಾರಗಳಲ್ಲೇ ಮಾತ್ರೆ ಮುಗಿದಿದೆ, ಮಗು ಬಿದ್ದಿದೆ. ವನಜಾ ಮಗುವಿನ ಹಣೆಯನ್ನು ನೋಡಿದಳು, ಕಾಯಿ ತೆಗೆದುಕೊಂಡು ಸೀದಾ ಒಳಗೆ ಹೋದಳು.

"ಇನ್ನು ಯಾರನ್ನೂ ಸೇರಿಸಬೇಡಿ ವನಜಾ," ಡಾಕ್ಟರು ತಲೆಯೆತ್ತದೆ ಹೇಳಿದರು. "ಇರೋರನ್ನೇ ಮುಗಿಸೋಕಾಗ್ತಿಲ್ಲ, ಸಂಜೆ ಟ್ರೈನು."

"ಸೇರಿಸ್ತಿಲ್ಲ ಸಾರ್. ಶುಕ್ರವಾರಾನೇ ಫೋನ್ ಬಂದಿತ್ತು. ನಾನೇ ಬರ್ಕೊಳ್ಳಲಿಲ್ಲ."

"ಯಾಕೆ? ಏನಂದ್ರು ಫೋನಲ್ಲಿ?"

"ಹಿಂಗಂದ್ರು ಸಾರ್." ವನಜಾ ಕಾಯಿ ಅಲ್ಲಾಡಿಸಿದಳು. ನಡೆದಿದ್ದನ್ನೆಲ್ಲ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಕೈಚಾಚಿ ಕಾಯಿ ಇಸಿದುಕೊಂಡು, ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಿದರು. "ನಿಯಮ ಮಾಡಿದಾಗ ನಾನು ಇದನ್ನ ಯೋಚನೆನೇ ಮಾಡಿರಲಿಲ್ಲ," ಎಂದರು. "ಮೊದಲು ಆ ಮಗೂನ ಕರೀರಿ."

ಮಗುವಿನ ಹೆಸರು ಮೋನಿಕಾ. ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿ, ಒಂದು ದಿನವೂ ತಪ್ಪಿಸಬಾರದೆಂದು ಸೂರ್ಯ ಚಂದ್ರರ ಚಿತ್ರ ಬರೆದು ಕೊಟ್ಟರು. ಹೊರಡುವ ಮುಂಚೆ ವನಜಾ ತನ್ನ ಬೆರಳುಗಳನ್ನು ಉದ್ದಕ್ಕೆ ಓಡಿಸಿ "ಬಾ" ಎಂದಳು, ತಟ್ಟನೆ ನಿಲ್ಲಿಸಿ "ಬೇಡ" ಎಂದಳು. ಸುನಿತಾ ಅವಳ ಕೈಹಿಡಿದು ಅದನ್ನೇ ಇನ್ನೊಮ್ಮೆ ಮಾಡಿಸಿ ನೋಡಿ, ಸರಿಯೆಂದು ಒಪ್ಪಿಕೊಂಡಳು. ಕಾಯಿಯನ್ನು ಮಾತ್ರ ಬಿಟ್ಟು ಹೋದಳು. ಮನೆಯಲ್ಲಿ ಬೇರೆ ಇದೆಯೆಂದು ಕೈತೋರಿದಳು.

ಸಂಜೆ ಮನೆಗೆ ಬಂದವಳೇ ವನಜಾ ಸೀರೆಯನ್ನೂ ಬದಲಿಸದೆ ಪಡಸಾಲೆಯಲ್ಲಿ ಕೂತು, ಕಿವಿಗಳಿಗೆ ಹತ್ತಿ ತುರುಕಿಕೊಂಡು, ಆ ಕಾಯಿಯನ್ನು ಅಲ್ಲಾಡಿಸಿದಳು. ಸದ್ದು ಹೋಯಿತು. ಅಂಗೈಯೊಳಗೆ ಮಾತ್ರ ಏನೋ ಬಂದು ಬಂದು ಬಡಿಯುತ್ತಿತ್ತು, ಬಸುರಿನ ಕೂಸು ಒದ್ದಂತೆ. ಸುನಿತಾಳಿಗೆ ಗೊತ್ತಿದ್ದುದು ಇಷ್ಟೇ. ಆ ಲೊಟಕ್ ಎನ್ನುವುದನ್ನು ಅವಳು ಜನ್ಮದಲ್ಲಿ ಕೇಳಿಲ್ಲ. ಊರಿನವರು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆಯೇ ಒಳಗಿನದನ್ನೆಲ್ಲ ತಿಳಿದುಕೊಳ್ಳುವುದನ್ನು ಕಂಡಿದ್ದಾಳೆ. ಕಿವಿ ಇರುವವರಿಗೆ ಇದರಲ್ಲಿ ಎಲ್ಲವೂ ತಿಳಿಯುತ್ತದೆ, ಹಾಗಾದರೆ ನಾನು ಯಾರೆಂದೂ ತಿಳಿಯುತ್ತದೆ, ನನ್ನ ಮಗುವಿನ ಪಾಡೂ ತಿಳಿಯುತ್ತದೆ ಎಂದು ನಂಬಿ, ತಾನು ಕೇಳದ ಸದ್ದನ್ನು, ತನಗೆ ಕೇಳದ ತಂತಿಯ ಮೇಲೆ, ಮುಖ ಕಾಣದ ಒಬ್ಬಳಿಗೆ ಕಳಿಸಿದ್ದಾಳೆ. ಒಂದಲ್ಲ, ಮೂರು ಸಲ.

"ಏನೇ ಅದು, ಕಿವಿಗೆ ಹತ್ತಿ ಇಟ್ಕಂಡು ಕಾಯಿ ಆಡುಸ್ತಿದೀಯ?" ಅತ್ತೆ ಬಂದು ಭುಜ ಅಲುಗಿಸಿದರು. ವನಜಾ ಕಾಯಿಯನ್ನು ಅವರ ಅಂಗೈಯಲ್ಲಿಟ್ಟಳು.

ಮುಂದಿನ ಸರದಿಯ ಶುಕ್ರವಾರ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ತುರುವೇಕೆರೆ ಆಯಿತು, ಚಿಕ್ಕನಾಯಕನಹಳ್ಳಿ ಆಯಿತು. ಇಳಿಹೊತ್ತಿಗೆ ಒಮ್ಮೆ ಎತ್ತಿದಾಗ ಮಾತಿರಲಿಲ್ಲ.

ಲೊಟಕ್. ಲೊಟಕ್. ಲೊಟಕ್.

ವನಜಾ ಹಲೋ ಎನ್ನಲಿಲ್ಲ. "ಮೋನಿಕಾ, ಕೆಂಕೆರೆ" ಎಂದು ಬರೆದಳು. ಬರೆದ ಮೇಲೂ ಫೋನನ್ನು ಇಡದೆ ಕಿವಿಗೆ ಒತ್ತಿಕೊಂಡು ಕೂತಳು. ಅಲ್ಲಿ ಹುಳಿಯಾರಿನ ಗೋಡೆಯ ಮೇಲೆ ಕೆಂಪು ಅಂಕಿ ಓಡಲಿ ಎಂದು.